ಹಾರ್ಟ್ ಅಟ್ಯಾಕ್ ಆದ ಅಪ್ಪನಿಗೆ ಬಿಪಿ ಇಲ್ಲ, ಆದರೂ ಬಿಪಿ ಮಾತ್ರೆ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪನಿಗೆ 58 ವರ್ಷ, ಶುಗರ್ ಇದೆ. ಹತ್ತು ದಿನದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ 38, ಅಂದರೆ ಒಂದೊಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ 38ರಷ್ಟನ್ನು ಹೊರಗೆ ತಳ್ಳುತ್ತಿದೆ. ಬಿಪಿ 110/70. ದಮ್ಮಿಲ್ಲ, ಎದೆನೋವಿಲ್ಲ, ಆರಾಮಾಗಿ ಓಡಾಡುತ್ತಿದ್ದಾರೆ. ಆದರೂ ಚೀಟಿಯಲ್ಲಿ ರಾಮಿಪ್ರಿಲ್, ಮೆಟೊಪ್ರೊಲಾಲ್, ಎಪ್ಲೆರಿನೋನ್ ಇವೆ. ಅಟ್ಯಾಕ್ ಆಗಿದ್ದ ಪಕ್ಕದ ಮನೆಯವರಿಗೆ ಮೆಟೊಪ್ರೊಲಾಲ್ ಕೊಟ್ಟೇ ಇಲ್ಲ. ಇವನ್ನು ಬಿಡಬಹುದಾ ಅಂತ ಕೇಳಿದ್ದೀರಿ.

ಬಿಡಬೇಡಿ. ನಾನು ಡಾಕ್ಟರ್ ಅಲ್ಲ, ಹುಬ್ಬಳ್ಳಿಯಲ್ಲಿ 19 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಈ ಮಾತು ನನ್ನ ಕೌಂಟರ್ ಮುಂದೆ ಆಗಾಗ ಬರುತ್ತದೆ. "ಅಣ್ಣಾರ, ರಕ್ತ ತೆಳ್ಳಗ ಮಾಡೋವಷ್ಟ ಕೊಡ್ರಿ, ಬಿಪಿದು ಬ್ಯಾಡ" ಅಂತಾರೆ. ತಪ್ಪು ಅವರದಲ್ಲ. ಇಂಟರ್‌ನೆಟ್ಟಿನಲ್ಲಿ ಎಲ್ಲ ಕಡೆ ಅದು ಬಿಪಿ ಮಾತ್ರೆ ಅಂತಲೇ ಇರುತ್ತದೆ. ಆದರೆ ನಿಮ್ಮ ಅಪ್ಪನಿಗೆ ಕೊಟ್ಟಿರುವುದು ಬಿಪಿಗಲ್ಲ.

ಸ್ಟೆಂಟ್ ಹಾಕಿದ್ದರಿಂದ ಮುಚ್ಚಿದ ರಕ್ತನಾಳ ತೆರೆಯಿತು, ನಿಜ. ಅಷ್ಟರೊಳಗೆ ಸತ್ತುಹೋದ ಹೃದಯದ ಮಾಂಸ ವಾಪಸ್ ಬರುವುದಿಲ್ಲ. ಮುಂದಿನ ದಿನಗಳಲ್ಲಿ ಆ ಜಾಗ ತೆಳ್ಳಗಾಗಿ ಹಿಗ್ಗುತ್ತದೆ. ಉಳಿದ ಮಾಂಸದ ಮೇಲೆ ಭಾರ ಬಿದ್ದು ಅದೂ ಹಿಗ್ಗುತ್ತದೆ. ಹೀಗೆ ನಿಧಾನಕ್ಕೆ ಹೃದಯದ ಆಕಾರವೇ ಬದಲಾಗುತ್ತದೆ.

ಇದಕ್ಕೆ ದೇಹವೇ ಗೊತ್ತಿಲ್ಲದೆ ಕುಮ್ಮಕ್ಕು ಕೊಡುತ್ತದೆ. ಪಂಪ್ ಸೋತಿದೆ ಅಂತ ತಿಳಿದು ಅಡ್ರಿನಲಿನ್, ಆಂಜಿಯೋಟೆನ್ಸಿನ್, ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನುಗಳನ್ನು ಬಿಡುತ್ತದೆ. ರಕ್ತನಾಳ ಬಿಗಿಯುತ್ತದೆ, ಉಪ್ಪು ನೀರು ಮೈಯಲ್ಲೇ ಉಳಿಯುತ್ತದೆ. ಚಕ್ಕಡಿಗೆ ಕಟ್ಟಿದ ಎರಡು ಎತ್ತಿನಲ್ಲಿ ಒಂದು ಕುಂಟುತ್ತಿದೆ ಅಂದುಕೊಳ್ಳಿ. ಹೊಡೆಯುವವನು ಮೇಲೆ ಇನ್ನಷ್ಟು ಹೇರು ಹೇರಿ, ಬಾರುಕೋಲಿನಿಂದ ಎರಡಕ್ಕೂ ಬಾರಿಸುತ್ತಿದ್ದಾನೆ. ಅವತ್ತೊಂದು ದಿನ ಊರು ಮುಟ್ಟಬಹುದು. ಆರು ತಿಂಗಳು ಹೀಗೇ ಹೊಡೆದರೆ ಒಳ್ಳೆಯ ಎತ್ತೂ ಮಲಗುತ್ತದೆ. ಮೆಟೊಪ್ರೊಲಾಲ್ ಬಾರುಕೋಲು ಕಿತ್ತುಕೊಳ್ಳುತ್ತದೆ. ರಾಮಿಪ್ರಿಲ್, ಎಪ್ಲೆರಿನೋನ್ ಹೇರು ಇಳಿಸುತ್ತವೆ.

ಇದು ಬರೀ ಹೋಲಿಕೆಯ ಮಾತಲ್ಲ. 1992ರಲ್ಲಿ ಬಂದ ಸೇವ್ ಅನ್ನುವ ಅಧ್ಯಯನದಲ್ಲಿ 2231 ಜನ ಇದ್ದರು. ಎಲ್ಲರಿಗೂ ಅಟ್ಯಾಕ್ ಆಗಿ ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇತ್ತು, ಆದರೆ ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದ ಸ್ಥಿತಿ) ಲಕ್ಷಣ ಕಂಡಿರಲಿಲ್ಲ. ನಿಮ್ಮ ಅಪ್ಪನ ಸ್ಥಿತಿಯೇ ಅಲ್ವಾ? ರಾಮಿಪ್ರಿಲ್‌ನ ದಾಯಾದಿ ಕ್ಯಾಪ್ಟೊಪ್ರಿಲ್ ಅನ್ನು ಅಟ್ಯಾಕ್ ಆದ 3ರಿಂದ 16 ದಿನದೊಳಗೆ ಶುರು ಮಾಡಿದರು. ಅದನ್ನು ತೆಗೆದುಕೊಂಡವರಲ್ಲಿ ಸಾವು ಶೇಕಡಾ 19ರಷ್ಟು ಕಡಿಮೆಯಾಯಿತು. ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರುವವರೂ ಕಡಿಮೆಯಾದರು. 2003ರ ಎಫೀಸಸ್ ಅಧ್ಯಯನ ಎಪ್ಲೆರಿನೋನ್ ಮೇಲೆ, 6632 ಜನ. ಇಎಫ್ ಕಡಿಮೆ ಇದ್ದು, ಜೊತೆಗೆ ಹಾರ್ಟ್ ಫೇಲ್ಯೂರ್ ಲಕ್ಷಣವೋ ಶುಗರ್ರೋ ಇದ್ದವರು. ಅಲ್ಲಿಯೂ ಸಾವು ಶೇಕಡಾ 15 ತಗ್ಗಿತು. ಮುಂದೆ ಅದೇ ಲೆಕ್ಕ ಬಿಡಿಸಿ ನೋಡಿದಾಗ, 7 ದಿನದೊಳಗೆ ಶುರು ಮಾಡಿದವರಿಗೇ ಲಾಭ ಜಾಸ್ತಿ ಕಂಡಿತು. "ಒಂದೆರಡು ತಿಂಗಳು ನೋಡಿ, ದಮ್ಮು ಬಂದರೆ ಶುರು ಮಾಡೋಣ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮ ಮನೆಯಲ್ಲೇ ಆಗಿದ್ದು ಹೇಳುತ್ತೇನೆ. ನಮ್ಮ ಕಾಕಾ ಗದಗ ಜಿಲ್ಲೆಯ ರೋಣದ ಕಡೆಯವರು, ಒಕ್ಕಲುತನ. ಅಟ್ಯಾಕ್ ಆಗಿ ಮೂರು ವಾರಕ್ಕೆ ರಾತ್ರಿಯೆಲ್ಲಾ ಒಣಕೆಮ್ಮು ಶುರುವಾಯಿತು. ನೋಡಲು ಬಂದ ಬೀಗರೊಬ್ಬರು "ಬಿಪಿ ಇಲ್ದಾಂವಗ ಬಿಪಿ ಗುಳಿಗಿ ಯಾಕ ನುಂಗಸ್ತೀರಿ?" ಅಂದರಂತೆ. ಕಾಕಾ ಆಸ್ಪಿರಿನ್ ಒಂದು ಇಟ್ಟುಕೊಂಡು ಉಳಿದದ್ದೆಲ್ಲಾ ಬಿಟ್ಟರು. ನನಗೂ ಹೇಳಲಿಲ್ಲ. ಮೆಡಿಕಲ್ ಇಟ್ಟ ಮಗ ಇದ್ದೂ! ಎಂಟು ತಿಂಗಳ ಮೇಲೆ ಕಾಲು ಬಾತವು, ಮಲಗಿದರೆ ಉಸಿರು ಸಿಕ್ಕದೆ ಎದ್ದು ಕೂರುತ್ತಿದ್ದರು. ಮೊದಲು 42 ಇದ್ದ ಇಎಫ್ 28ಕ್ಕೆ ಬಂದಿತ್ತು. ಮಾತ್ರೆ ಬಿಟ್ಟದ್ದೊಂದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಆ ಕೆಮ್ಮು ರಾಮಿಪ್ರಿಲ್‌ನಿಂದ ಬರುವ ಮಾಮೂಲಿ ಕೆಮ್ಮು. ಡಾಕ್ಟರಿಗೆ ಹೇಳಿದ್ದರೆ ವಾಲ್ಸಾರ್ಟಾನ್ ತರಹದ್ದಕ್ಕೆ ಬದಲಿಸುತ್ತಿದ್ದರು, ಅಷ್ಟೇ.

ಈಗ ಮನೆಯಲ್ಲಿ ನೋಡಿಕೊಳ್ಳಬೇಕಾದ್ದು. ಇವನ್ನು ಸಣ್ಣ ಡೋಸಿನಿಂದ ಶುರು ಮಾಡಿ ವಾರಗಳಲ್ಲಿ ಏರಿಸುತ್ತಾರೆ. ಎದ್ದು ನಿಂತಾಗ ತಲೆ ತಿರುಗಿದರೆ, ಮೇಲಿನ ಬಿಪಿ 100ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್ ಮಾಡಿ, ನೀವೇ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ಅಂತೂ ಒಮ್ಮೆಲೇ ಬಿಡಲೇಬಾರದು. ತುಟಿ, ನಾಲಿಗೆ ಬಾತರೆ ಮಾತ್ರ ಮುಂದಿನ ರಾಮಿಪ್ರಿಲ್ ನುಂಗಿಸದೆ ತಕ್ಷಣ ಆಸ್ಪತ್ರೆಗೆ ಓಡಿ.

ಇನ್ನು ಎಳನೀರು. ನೋಡಲು ಬಂದವರೆಲ್ಲಾ ಕೈಯಲ್ಲಿ ಅದನ್ನೇ ಹಿಡಿದು ಬರುತ್ತಾರೆ. ರಾಮಿಪ್ರಿಲ್, ಎಪ್ಲೆರಿನೋನ್ ಎರಡೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ, ಎಳನೀರಿನಲ್ಲಿ ಇರುವುದೂ ಅದೇ. ಅದು ಅತಿಯಾದರೆ ಹೃದಯದ ಬಡಿತವೇ ತಪ್ಪುತ್ತದೆ. 'ಲೋ ಸೋಡಿಯಂ' ಅಂತ ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ತುಂಬಿರುತ್ತದೆ. ಮನೆಯ ಉಪ್ಪನ್ನೇ ಕಡಿಮೆ ಹಾಕಿ, ಹಪ್ಪಳ ಉಪ್ಪಿನಕಾಯಿ ದೂರ ಇಡಿ. ಒಂದು ವಾರಕ್ಕೆ, ಆಮೇಲೆ ತಿಂಗಳಿಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿಯದು) ಪರೀಕ್ಷೆ ಬರೆದಿರುತ್ತಾರೆ, ತಪ್ಪಿಸಬೇಡಿ. ಮೊಣಕಾಲು ನೋವು ಅಂತ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೊಡಬೇಡಿ. ಕಿಡ್ನಿಗೂ ಹೃದಯಕ್ಕೂ ಏಟು. ನಾನು ಮಾರುವವನೇ ಹೇಳುತ್ತಿದ್ದೇನೆ.

ದಿನಾ ಬೆಳಿಗ್ಗೆ ತೂಕ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು. ಡಾಕ್ಟರಿಗೆ ತಿಳಿಸಬೇಕು.

ಪಕ್ಕದ ಮನೆಯವರ ವಿಷಯ. ಅವರ ಇಎಫ್ ಎಷ್ಟು ಅಂತ ಕೇಳಿ ನೋಡಿ. ಇಎಫ್ 50 ಅಥವಾ ಮೇಲಿದ್ದವರಿಗೆ ಮೆಟೊಪ್ರೊಲಾಲ್ ತರಹದ ಮಾತ್ರೆಯಿಂದ ಲಾಭ ಕಾಣಲಿಲ್ಲ ಅಂತ 2024ರಲ್ಲಿ ರೆಡ್ಯೂಸ್ ಎಎಂಐ ಅನ್ನುವ ಅಧ್ಯಯನ ಬಂದಿದೆ. ಅವರ ಡಾಕ್ಟರ್ ಅದಕ್ಕೇ ಕೊಟ್ಟಿಲ್ಲದಿರಬಹುದು. ನಿಮ್ಮ ಅಪ್ಪನ 38ಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಅಪ್ಪನ ಹೃದಯದಲ್ಲೂ ಸ್ವಲ್ಪ ಮಾಂಸ ಸತ್ತಿರದೆ ಬರೀ ಜೋಮು ಹಿಡಿದಿರಬಹುದು, ಮೂರು ತಿಂಗಳಿಗೆ ಎಕೋ ಮತ್ತೆ ಮಾಡಿಸಿದಾಗ ತಿಳಿಯುತ್ತದೆ. ಆ ರಿಪೋರ್ಟ್ ಬಂದ ಮೇಲೆ ಯಾವುದು ಇರಬೇಕು, ಯಾವುದು ಬೇಡ ಅಂತ ಡಾಕ್ಟರನ್ನೇ ಕೇಳಿ.