ವಾರ ಚೆನ್ನಾಗಿ ಹೋಯ್ತು ಅಂತ ಹೆದರಿಕೊಂಡು ಬಂದವರು

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಒಂದು ಮನೆಯವರ ಕಥೆ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೀನಿ, ಗಂಡ ಹೆಂಡತಿ ಇಬ್ಬರೂ ಬರೀರಿ ಅಂದ್ಮೇಲೇ ಬರೀತಿರೋದು. ಇವರನ್ನ ಇಲ್ಲಿ ಭಟ್ರು ಅಂತ ಕರೆಯೋಣ. ನಲವತ್ತರ ಆಸುಪಾಸು, ಮೂಲ ಶಿರಸಿ ಕಡೆ, ಮನೆ ಬನಶಂಕರಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಮನೇಲಿ ಟೀಚರ್ ಕೆಲಸದ ಹೆಂಡತಿ, ಆರನೇ ಕ್ಲಾಸಿನ ಮಗಳು, ಭಟ್ರ ತಾಯಿ. ಮೊದಲ ಸಲ ಬಂದಾಗ ಹೇಳಿದ್ದು ಎದೆ ಬಿಗಿತ, ಸಣ್ಣದಕ್ಕೂ ಸಿಟ್ಟು, ಭಾನುವಾರ ಸಂಜೆ ಆದ್ರೆ ಹೊಟ್ಟೇಲಿ ಸಂಕಟ. ಎದೆ ಬಿಗಿತ ಅಂದ ಕೂಡ್ಲೇ ನಾನು ಮೊದ್ಲು ಡಾಕ್ಟರ್ ಹತ್ರ ಕಳಿಸ್ತೀನಿ, ಇಸಿಜಿ, ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್ ಬಂದ್ಮೇಲೆ ಮಾತಿಗೆ ಕೂತ್ವಿ.

"ಮದ್ದಳೆ ಮುಟ್ಟಿ ಎರಡು ವರ್ಷ ಆಯ್ತು ಮೇಡಂ" ಅಂತ ಹೊರಡೋ ಹೊತ್ತಿಗೆ ಬಾಗಿಲ ಹತ್ರ ನಿಂತು ಹೇಳಿದ್ರು. ಬಾಗಿಲ ಹತ್ರ ಬರೋ ಮಾತನ್ನ ನಾನು ಯಾವತ್ತೂ ಬಿಡಲ್ಲ, ಮತ್ತೆ ಕೂರಿಸಿದೆ. ಊರಲ್ಲಿ ತಾಳಮದ್ದಳೆಗೆ, ಅಂದ್ರೆ ಕೂತಲ್ಲೇ ಮಾಡೋ ಯಕ್ಷಗಾನಕ್ಕೆ, ಕೂರ್ತಿದ್ದವರಂತೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು ಅಷ್ಟೇ, ಹಾಗಾಗಿ ಬೆಂಗಳೂರಲ್ಲೂ ಯಾರದೋ ಮನೆ ಹಾಲಲ್ಲಿ ಐದಾರು ಜನ ಸೇರಿದ್ರೆ ನಡೆಯುತ್ತೆ. ಆದ್ರೆ ಇವರ ಮದ್ದಳೆ ಬೀರು ಮೇಲೆ ಹಳೆ ಬೆಡ್‌ಶೀಟಲ್ಲಿ ಸುತ್ಕೊಂಡು ಕೂತಿತ್ತು, ಬಾರು ಸಡಿಲ ಆಗಿ.

ನಾನು ಕೊಟ್ಟಿದ್ದು ಒಂದು ವಾರದ ಹಾಳೆ. ಏಳು ಕಾಲಂ, ಇಪ್ಪತ್ತನಾಲ್ಕು ಸಾಲು, ಒಟ್ಟು 168 ಚೌಕ, ಆಯಾ ದಿನ ರಾತ್ರಿ ಏನೇನು ಮಾಡಿದ್ವಿ ಅಂತ ಬಣ್ಣ ತುಂಬೋದು. ಮನಸ್ಸು ಸರಿ ಹೋದ್ಮೇಲೆ ಮದ್ದಳೆ ತೆಗೀತೀನಿ ಅಂತ ಕಾಯೋದು ಬೇಡ, ವಾರಕ್ಕೆ ಎರಡೇ ಸಲ ದಿನ ಗೊತ್ತು ಮಾಡಿ ತೆಗೀರಿ, ಮನಸ್ಸು ಹಿಂದೆ ಬರುತ್ತೆ ಅಂದೆ. ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡಿರೋದು ಇದನ್ನೇ, ಮೊದ್ಲು ಕೈ ಆಡಬೇಕು.

2025ರ ಆಗಸ್ಟಲ್ಲಿ ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾದ್ಮೇಲೆ ಇವರಿಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಕೂತು ಕೊಳೆಯೋದು ತಪ್ಪಿತ್ತು, ಆದ್ರೆ ಉಳಿದ ಟೈಮು ಮತ್ತೆ ಲ್ಯಾಪ್‌ಟಾಪಿಗೇ ಹೋಗ್ತಿತ್ತು. ಬುಧವಾರ, ಶನಿವಾರ ಆ ಟೈಮನ್ನ ಮದ್ದಳೆಗೆ ಇಟ್ಕೊಂಡ್ರು, ಆ ಹೊತ್ತಲ್ಲಿ ಫೋನ್ ಅಡುಗೆಮನೆ ಕಟ್ಟೆ ಮೇಲೆ.

ನಾಲ್ಕನೇ ಭೇಟಿಗೆ ಹಾಳೆ ಹಿಡ್ಕೊಂಡು ಬಂದ್ರು. ಕೆಲಸ 45 ಗಂಟೆ, ನಿದ್ದೆ 49, ಮದ್ದಳೆ 5, ಮಗಳ ಜೊತೆ 9, ಭಾನುವಾರ ತಾಯೀನ ಕರ್ಕೊಂಡು ದೇವಸ್ಥಾನ. ಮಗಳ ಕ್ರೇಯಾನಲ್ಲಿ ಚೆಂದಕ್ಕೆ ಬಣ್ಣ ತುಂಬಿದ್ರು. ಆದ್ರೆ ಮುಖದಲ್ಲಿ ನೆಮ್ಮದಿ ಇಲ್ಲ. "ಎಲ್ಲಾ ಸರಿ ಹೋಯ್ತು ಮೇಡಂ, ಅದಕ್ಕೇ ಹೆದರಿಕೆ, ಏನೋ ಬಿಟ್ಟು ಹೋಗಿದೆ ಅನ್ಸುತ್ತೆ, ಮುಂದಿನ ವಾರ ಹಿಂಗಿರಲ್ಲ ಅನ್ಸುತ್ತೆ" ಅಂದ್ರು.

ಚೆನ್ನಾಗಿ ಹೋದ ವಾರಾನೂ ಅನುಮಾನದಿಂದ ನೋಡೋರು ಬಹಳ ಜನ ಬರ್ತಾರೆ, ವರ್ಷಗಟ್ಟಲೆ ಓಡಿ ಓಡಿ ನಿಂತಾಗ ನೆಲಾನೇ ಅಲ್ಲಾಡಿದ ಹಾಗಾಗುತ್ತೆ, ಅದು ಕಾಯಿಲೆ ಅಲ್ಲ ಅಂತ ಅವರಿಗೆ ಹೇಳಿದೆ. ಆದ್ರೆ ಏನೋ ಬಿಟ್ಟು ಹೋಗಿದೆ ಅನ್ನೋ ಮಾತು ನನಗೆ ನಿಜ ಅನ್ನಿಸ್ತು. ಹಾಳೇಲಿ ಅಡುಗೆ ಎಲ್ಲಿದೆ? ತಾಯಿ ಮಾತ್ರೆ ಎಲ್ಲಿದೆ? ಖಾಲಿ ಹಾಳೆ ಇನ್ನೊಂದು ಕೊಟ್ಟು, ಇದು ನಿಮ್ಮ ಮನೆಯವರಿಗೆ, ಅವರು ಒಪ್ಪಿದ್ರೆ ಮುಂದಿನ ಸಲ ಜೊತೇಲಿ ಬನ್ನಿ ಅಂದೆ.

ಮುಂದಿನ ಸಲ ಇಬ್ಬರೂ ಬಂದ್ರು. ಹೆಂಡತಿ ಬಣ್ಣ ತುಂಬಿರಲಿಲ್ಲ. ಪೆನ್ಸಿಲಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ರು, ಒಂದೊಂದು ಚೌಕದಲ್ಲಿ ಮೂರು ನಾಲ್ಕು. "ಹಾಲು. ಡಬ್ಬಿ. ಅತ್ತೆ ಬಿಪಿ ಮಾತ್ರೆ ನೆನಪು ಮಾಡಿದ್ದು. ಇಡ್ಲಿಗೆ ನೆನೆಹಾಕಿದ್ದು." ಬುಧವಾರ ಸಂಜೆ ಗಂಡ ಮದ್ದಳೆ ಹಿಡಿದಿದ್ದ ಚೌಕದಲ್ಲಿ "ಉತ್ತರಪತ್ರಿಕೆ, ಜೊತೆಗೆ ಕುಕ್ಕರ್" ಅಂತಿತ್ತು. ತನಗೆ ಅಂತ ಒಂದು ಚೌಕಾನೂ ಇಲ್ಲ. ಭಟ್ರು ಆ ಹಾಳೇನ ಓದಿದ್ರು, ಕನ್ನಡಕ ತೆಗೆದು ಒರೆಸ್ಕೊಂಡು ಮತ್ತೆ ಓದಿದ್ರು.

ಇದು ಇವರೊಬ್ಬರ ಮನೆ ಕಥೆ ಅಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡ್ತಾರೆ, ಗಂಡಸರು 88. ನೆನಪಿಟ್ಕೊಳ್ಳೋದು ಅನ್ನೋ ಕೆಲಸ ನಿಮಿಷದ ಲೆಕ್ಕಕ್ಕೆ ಹೇಗೂ ಸಿಗಲ್ಲ. ಗಂಡನ ಒಂದು ಒಳ್ಳೆ ವಾರ ಹೆಂಡತಿ ಹೆಗಲ ಮೇಲೆ ಕೂತಿದ್ರೆ ಅದನ್ನ ಸಮತೋಲನ ಅಂತ ನಾನು ಕರೆಯಲ್ಲ, ಇದನ್ನ ಇಬ್ಬರ ಮುಂದೇನೂ ನೇರ ಹೇಳಿದೆ.

ಹಾಗಂತ ಭಟ್ರು ಮದ್ದಳೆ ಬಿಡ್ತೀನಿ ಅಂದಾಗ ಬೇಡವೇ ಬೇಡ ಅಂದೆ, ಆಕೇನೂ "ರೀ, ನೀವು ಅದನ್ನ ಮತ್ತೆ ಬೀರು ಮೇಲಿಟ್ರೆ ನಾನು ಸುಮ್ನಿರಲ್ಲ" ಅಂದ್ರು. ನಾನು ಕೊಟ್ಟ ಸಲಹೆ ಇಷ್ಟು: ಸಹಾಯ ಮಾಡೋದನ್ನ ನಿಲ್ಸಿ, ಕೆಲಸಾನೇ ತಗೊಳ್ಳಿ. ತಾಯಿ ಮಾತ್ರೆ ಅಂದ್ರೆ ಮುಗಿಯೋ ಮುಂಚೆ ತರೋದು, ಹೊತ್ತಿಗೆ ಕೊಡೋದು, ಡಾಕ್ಟರ್ ದಿನ ನೆನಪಿಡೋದು, ಪೂರ್ತಿ ನಿಮ್ಮದು, ಆಕೆ ಜ್ಞಾಪಿಸಬಾರದು. ಬುಧವಾರದ ರಾತ್ರಿ ಅಡುಗೆ ಮದ್ದಳೆ ಮುಗಿಸಿದ್ಮೇಲೆ ನಿಮ್ಮದು, ತಂಬುಳಿ ಅನ್ನ ಆದ್ರೂ ಸರಿ. ಆಕೆಗೆ, ಕೈ ಹಾಕಿ ಸರಿ ಮಾಡೋಕೆ ಹೋಗ್ಬೇಡಿ, ಉಪ್ಪು ಜಾಸ್ತಿ ಆದ್ರೆ ಅವತ್ತು ಹಾಗೇ ಊಟ ಮಾಡಿ ಅಂದೆ. ಶನಿವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ಆಕೆದು, ಮನೆಯಿಂದ ಹೊರಗೆ. "ಆದ್ರೆ ನಂಗೆ ಏನಿಷ್ಟ ಅಂತಾನೇ ಗೊತ್ತಿಲ್ವಲ್ಲ ಮೇಡಂ" ಅಂದಾಗ ಆಕೆ ಗಂಟಲು ಕಟ್ತು. ಗೊತ್ತಾಗೋವರೆಗೂ ಆ ಮೂರು ಗಂಟೆ ಖಾಲಿ ಇರ್ಲಿ, ಹವ್ಯಾಸ ಇರಲೇಬೇಕು ಅಂತ ಇನ್ನೊಂದು ಹೊರೆ ಮಾಡ್ಕೋಬೇಡಿ ಅಂದೆ. ಭಟ್ರ ಹೆದರಿಕೆಗೆ, ಪ್ರತಿ ವಾರ ಹಿಂಗೇ ಇರುತ್ತೆ ಅಂತ ನಾನು ಭರವಸೆ ಕೊಡಲಿಲ್ಲ, ಇರಲ್ಲ. ರಿಲೀಸ್ ಇರೋ ವಾರ, ಪರೀಕ್ಷೆ ಪೇಪರ್ ವಾರ ವಾಲುತ್ತೆ, ಅದು ಬರೋ ಮುಂಚೆ ಯಾರು ಏನು ಬಿಡೋದು ಅಂತ ಕೂತು ಮಾತಾಡ್ಕೊಳ್ಳಿ. ನಿದ್ದೆ ಕೆಟ್ಟು ಯಾವುದರಲ್ಲೂ ಮನಸ್ಸಿಲ್ಲ ಅನ್ನೋದು ಎರಡು ವಾರ ಎಳೆದ್ರೆ ಮಾತ್ರ ತಡ ಮಾಡ್ಬೇಡಿ, ನನಗೆ ಹೇಳಿ, ಅರ್ಧರಾತ್ರಿ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಐದು ವಾರ ಆದ್ಮೇಲೆ ಬಂದ್ರು. ಭಟ್ರ ಹಾಳೇಲಿ ಕ್ರೇಯಾನ್ ಕಮ್ಮಿ ಆಗಿ ಪೆನ್ಸಿಲ್ ಬಂದಿದೆ, ಒಂದು ದಿನ "ಮಾತ್ರೆ ಮರೆತೆ, ರಾತ್ರಿ ಹತ್ತಕ್ಕೆ ನೆನಪಾಯ್ತು" ಅಂತ ಅವರೇ ಬರ್ಕೊಂಡಿದ್ರು. ಆಕೆ ಹಾಳೇಲಿ ಮೊದಲೆರಡು ಶನಿವಾರ "ತರಕಾರಿ" ಅಂತಿತ್ತು, ಮೂರನೇದಕ್ಕೆ "ಲಾಲ್‌ಬಾಗ್, ಬಂಡೆ ಮೇಲೆ ಕೂತಿದ್ದೆ, ಕಡ್ಲೇಕಾಯಿ" ಅಂತ. ನಾಲ್ಕನೇದಕ್ಕೂ ಲಾಲ್‌ಬಾಗ್. ಎದೆ ಬಿಗಿತ ಹೇಗಿದೆ ಅಂತ ನಾನೇ ಕೇಳ್ಬೇಕಾಯ್ತು, ಭಟ್ರು ಅದನ್ನ ಹೇಳೋಕೇ ಮರೆತಿದ್ರು. ಮುಂದಿನ ತಿಂಗಳು ಅವರ ರಿಲೀಸ್ ಇದೆ, ಆ ವಾರದ ಎರಡು ಹಾಳೇನೂ ತನ್ನಿ, ಹೇಗಿದ್ರೂ ಪರ್ವಾಗಿಲ್ಲ ಅಂತ ಹೇಳಿ ಕಳಿಸಿದ್ದೀನಿ.