ಮಿಂಚಿನ ಗುರುತು ಕಂಡರೆ ಚಾರ್ಜರ್ ನೋಡಿ

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ತಂದೆಯವರ ಕಾಲದ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿಸಿದ್ದೇನೆ. ಮನೆಯವರೆಲ್ಲ ಮೊಬೈಲಿನಲ್ಲೇ ಕೇಳಲಿ ಎಂದು ಕಳೆದ ತಿಂಗಳು 2 ಜಿಬಿಯ ರಾಸ್ಪ್‌ಬೆರಿ ಪೈ 4 ಎಂಬ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಕೊಂಡೆ. ಮೊಬೈಲ್ ಚಾರ್ಜರ್ ಹಾಕಿ ಎರಡು ಸಲ ಅದರ ಮೆಮೊರಿ ಕಾರ್ಡಿನಲ್ಲಿ ಲಿನಕ್ಸ್ (ಕಂಪ್ಯೂಟರ್ ನಡೆಸುವ ತಂತ್ರಾಂಶ) ಸ್ಥಾಪಿಸಿದೆ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದು ಎಲ್ಲವೂ ನಿಂತುಹೋಗುತ್ತಿತ್ತು. ಈಗ ಕೆಂಪು ದೀಪ ಮಾತ್ರ ಉರಿಯುತ್ತದೆ. ಕಾರ್ಡನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಬೋರ್ಡ್ ಹಾಳಾಯಿತೇ?
– ಓದುಗರು, ಕಡಿಯಾಳಿ, ಉಡುಪಿ

ಉತ್ತರ: ಮಾಸ್ಟ್ರೇ, ಬೋರ್ಡನ್ನು ಇಷ್ಟು ಬೇಗ ಕೈಬಿಡಬೇಡಿ. ಕಾರ್ಡ್ ತೆಗೆದಿಟ್ಟು, ಕರೆಂಟಿನ ತೂತಿಗೆ ಹತ್ತಿರವಿರುವ ಎಚ್‌ಡಿಎಂಐ ಕಿಂಡಿಗೆ ಟಿವಿ ಜೋಡಿಸಿ ಬೋರ್ಡ್ ಚಾಲೂ ಮಾಡಿ. ಪರದೆಯಲ್ಲಿ ಸಾಲುಸಾಲು ಅಕ್ಷರಗಳು ಮೂಡಿದರೆ ಬೋರ್ಡಿಗೆ ಜೀವವಿದೆ, ಕೆಟ್ಟಿರುವುದು ಕಾರ್ಡಿನಲ್ಲಿರುವ ಲಿನಕ್ಸ್.

ಅದನ್ನು ಕೆಡಿಸಿದ್ದು ನಿಮ್ಮ ಚಾರ್ಜರ್ ಎಂದೇ ನನ್ನ ಅನುಮಾನ. ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದಾಗ ಆ ಮಿಂಚಿನ ಗುರುತು ಬರುತ್ತದೆ. ಕಾರ್ಡಿಗೆ ಬರೆಯುತ್ತಿರುವಾಗಲೇ ಬೋರ್ಡ್ ನಿಂತರೆ ಕಡತಗಳು ಅರ್ಧದಲ್ಲಿ ತುಂಡಾಗುತ್ತವೆ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಕಳೆದ ಆಟಿಯ ಮಳೆಯಲ್ಲಿ ಕದ್ರಿಯ ನಮ್ಮ ಮನೆಯಲ್ಲಿ ನಾನೂ ಮೂರು ಸಂಜೆ ಇದೇ ಕಾಟ ಪಟ್ಟೆ. ಎರಡು ಕಾರ್ಡ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ, ಗುರುತು ಹೋಗಲಿಲ್ಲ. ಕೊನೆಗೆ ಕೇಬಲನ್ನು ಬೆರಳಲ್ಲಿ ಹಿಡಿದು ನೋಡಿದರೆ ಹೂ ಕಟ್ಟುವ ಬಾಳೆನಾರಿಗಿಂತ ಸ್ವಲ್ಪವೇ ದಪ್ಪ, ಎರಡು ಮೀಟರ್ ಉದ್ದ. ದಪ್ಪನೆಯ ಗಿಡ್ಡ ಕೇಬಲ್ ಹಾಕಿದ ಮೇಲೆ ಗುರುತು ಮತ್ತೆ ಕಾಣಲಿಲ್ಲ.

ಫಾರ್ಮ್ಯಾಟ್ ಎಂದು ಕೇಳಿದರೆ ಬೇಡವೆನ್ನಿ. ಕಾರ್ಡಿನ ಚಿಕ್ಕ ಭಾಗ ವಿಂಡೋಸಿಗೆ ಅರ್ಥವಾಗುತ್ತದೆ, ಲಿನಕ್ಸ್ ಕೂತಿರುವ ದೊಡ್ಡ ಭಾಗ ಅರ್ಥವಾಗುವುದಿಲ್ಲ, ಅದಕ್ಕೇ ಆ ಪ್ರಶ್ನೆ.

ಈಗ ಲ್ಯಾಪ್‌ಟಾಪಿನಲ್ಲಿ, ಕಾರ್ಡಿಗೆ ಲಿನಕ್ಸ್ ಬರೆಯುವ ತಂತ್ರಾಂಶವಾದ ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಮತ್ತೊಮ್ಮೆ ಬರೆಯಿರಿ. ಹಾಡು, ಅರ್ಥಗಾರಿಕೆ ಹಂಚುವುದಕ್ಕಷ್ಟೇ ಆದರೆ ಡೆಸ್ಕ್‌ಟಾಪ್ ಬೇಡ, ಬರೀ ಅಕ್ಷರಗಳಲ್ಲಿ ಆದೇಶ ಕೊಡುವ ಲೈಟ್ ಆವೃತ್ತಿ ಸಾಕು, 2 ಜಿಬಿಗೆ ಹಗುರ. ಬರೆಯುವ ಮೊದಲೇ ಬಳಕೆದಾರ ಹೆಸರು, ಪಾಸ್‌ವರ್ಡ್, ವೈಫೈ ತುಂಬಿಸಿ, ಲ್ಯಾಪ್‌ಟಾಪಿನಿಂದಲೇ ಬೋರ್ಡಿಗೆ ಆದೇಶ ಕೊಡಲು ಬೇಕಾದ ಎಸ್‌ಎಸ್‌ಎಚ್ ಚಾಲೂ ಮಾಡಿ. ಹಳೆಯ ಪುಸ್ತಕಗಳಲ್ಲಿರುವ ‘ಪೈ’ ಎಂಬ ಸಿದ್ಧ ಬಳಕೆದಾರ ಹೆಸರು 2022ರ ಏಪ್ರಿಲ್‌ನಿಂದ ಇಲ್ಲ. ಬರೆದ ಮೇಲೆ ಅದು ಸರಿಯಿದೆಯೇ ಎಂದು ಇಮೇಜರ್ ತಾನೇ ಪರೀಕ್ಷಿಸುತ್ತದೆ. ಆ ಹೊತ್ತಿಗೆ ಕಾರ್ಡ್ ಕೀಳಬೇಡಿ. ಮೊದಲ ಸಲ ಚಾಲೂ ಆಗುವಾಗ ಲಿನಕ್ಸ್ ಇಡೀ ಕಾರ್ಡಿಗೆ ಹರಡಿಕೊಳ್ಳುತ್ತದೆ, ಕೆಲವು ನಿಮಿಷ ಹಿಡಿಯುತ್ತದೆ, ತಾಳ್ಮೆಯಿರಲಿ. ಆಮೇಲೆ ಫೋಲ್ಡರ್ ಹಂಚುವ ಸಾಂಬಾ ತಂತ್ರಾಂಶ ಹಾಕಿದರೆ ಫೋಲ್ಡರ್ ಎಲ್ಲರ ಮೊಬೈಲಿಗೂ ಸಿಗುತ್ತದೆ.

ಗುಡುಗು ಶುರುವಾದರೆ ‘ಸುಡೋ ಪವರ್‌ಆಫ್’ (sudo poweroff) ಎಂಬ ಆದೇಶ ಕೊಟ್ಟು, ಹಸಿರು ದೀಪ ಮಿನುಗುವುದು ನಿಂತ ಮೇಲೆಯೇ ಪ್ಲಗ್ ತೆಗೆಯಿರಿ. ತಂದೆಯವರ ಧ್ವನಿಮುದ್ರಣಗಳನ್ನು ದಯವಿಟ್ಟು ಆ ಕಾರ್ಡೊಂದರಲ್ಲೇ ಇಡಬೇಡಿ. ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇರಲಿ. ಕ್ಯಾಸೆಟ್‌ಗಳನ್ನೂ ಎಸೆಯಬೇಡಿ.