ಎಲೆಯ ಮೇಲಿನ ಜೀವಾಣು, ಮೋಡದೊಳಗಿನ ಮಂಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಿಡದ ಎಲೆಯ ಮೇಲಿರುವ ಬ್ಯಾಕ್ಟೀರಿಯಾ ಗಾಳಿಯಲ್ಲಿ ಮೇಲೇರಿ ಮೋಡ ಸೇರಿ ಮಳೆ ತರಿಸುತ್ತದೆ ಎಂದು ಓದಿದೆ. ನಿಜವೇ? ನಮ್ಮ ಆಗುಂಬೆಯ ಮಳೆಗೂ ಅದೇ ಕಾರಣವೇ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಮೊದಲ ಮಾತು ನಿಜ. ಎರಡನೆಯದು ಬಹುಮಟ್ಟಿಗೆ ಅಲ್ಲ. ಯಾಕೆಂದು ತಿಳಿಯಲು ಮೋಡದಲ್ಲಿ ಮಳೆ ಆಗುವ ಎರಡು ದಾರಿಗಳನ್ನು ಬೇರೆಬೇರೆಯಾಗಿ ನೋಡಬೇಕು.

ಮೋಡದ ಒಂದು ಹನಿಯ ಅಡ್ಡಳತೆ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಪಾಲು. ಅದು ಬೀಳುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್ ಚಿಲ್ಲರೆ. ಸಣ್ಣ ಗಾಳಿ ಸಾಕು, ಮತ್ತೆ ಮೇಲಕ್ಕೆ ಹೋಗುತ್ತದೆ. 2 ಮಿಲಿಮೀಟರ್ ಗಾತ್ರದ ಒಂದೇ ಒಂದು ಮಳೆಹನಿ ಆಗಬೇಕಾದರೆ ಇಂಥ ಹತ್ತು ಲಕ್ಷ ಹನಿಗಳು ಕೂಡಬೇಕು.

ಕೂಡುವ ಒಂದು ದಾರಿ ಮಂಜಿನದು, ಅಂದರೆ ಹೆಪ್ಪುಗಟ್ಟಿದ ನೀರಿನದು. ನೀರು ಸೊನ್ನೆ ಡಿಗ್ರಿಗೆ ತಾನಾಗಿ ಹೆಪ್ಪುಗಟ್ಟುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಕಸರಿಲ್ಲದ ಶುದ್ಧ ನೀರಿನ ಸಣ್ಣ ಹನಿ ಮೈನಸ್ 38 ಡಿಗ್ರಿಯ ಹತ್ತಿರದವರೆಗೂ ನೀರಾಗಿಯೇ ಉಳಿಯಬಲ್ಲದು. ಅದಕ್ಕೂ ಮುಂಚೆ ಹೆಪ್ಪುಗಟ್ಟಲು ಒಂದು ಕಣ ಬೇಕು, ನೀರಿನ ಅಣುಗಳನ್ನು ಮಂಜಿನ ಜೋಡಣೆಗೆ ತಂದು ನಿಲ್ಲಿಸುವ ಕಣ. ಮಣ್ಣಿನ ಧೂಳು ಈ ಕೆಲಸ ಮಾಡುತ್ತದೆ, ಆದರೆ ಬಹುಪಾಲು ಧೂಳಿಗೆ ಮೈನಸ್ 15ರಷ್ಟು ಚಳಿ ಬೇಕು. ಸ್ಯೂಡೋಮೊನಾಸ್ ಸಿರಿಂಗೆ ಎಂಬ ಎಲೆಯ ಬ್ಯಾಕ್ಟೀರಿಯಾಕ್ಕೆ ಮೈನಸ್ 2 ಡಿಗ್ರಿಯೇ ಸಾಕಾಗಬಹುದು. ಅದರ ಹೊರಪೊರೆಯಲ್ಲಿರುವ ಒಂದು ಪ್ರೋಟೀನಿನಲ್ಲಿ 16 ಅಮೈನೋ ಆಮ್ಲಗಳ ಒಂದೇ ಬಗೆಯ ತುಣುಕು ಸಾಲಾಗಿ ಮರುಕಳಿಸುತ್ತದೆ. ಆ ಸಾಲಿನ ಮೇಲೆ ನೀರಿನ ಅಣುಗಳು ಮಂಜಿನ ಹರಳಿನ ಕ್ರಮದಲ್ಲಿ ಕೂರುತ್ತವೆ. ಇಂಥ ಪ್ರೋಟೀನುಗಳು ಹಲವು ಒಟ್ಟುಗೂಡಿ ದೊಡ್ಡ ಹಾಸು ಆದಷ್ಟೂ ಕಡಿಮೆ ಚಳಿಯಲ್ಲಿ ಕೆಲಸ ನಡೆಯುತ್ತದೆ. ಎಲ್ಲ ಜೀವಕೋಶಕ್ಕೂ ಅಷ್ಟು ದೊಡ್ಡ ಹಾಸು ಇರುವುದಿಲ್ಲ. ಮೈನಸ್ 2ರಲ್ಲಿ ಕೆಲಸ ಮಾಡುವವು ತೀರಾ ವಿರಳ.

ಒಂದು ಹರಳು ಹುಟ್ಟಿದ ಮೇಲೆ ಉಳಿದದ್ದು ಬೇಗ ಸಾಗುತ್ತದೆ. ಮೈನಸ್ 10ರಲ್ಲಿ ನೀರಿನ ಹನಿಯ ಪಾಲಿಗೆ ಆವಿ ತುಂಬಿದಂತಿರುವ ಗಾಳಿಯಲ್ಲಿ, ಮಂಜಿನ ಪಾಲಿಗೆ ಶೇ 10ರಷ್ಟು ಆವಿ ಮಿಗಿಲಾಗಿರುತ್ತದೆ. ಹಾಗಾಗಿ ಸುತ್ತಲಿನ ಹನಿಗಳು ಆರುತ್ತವೆ, ಹರಳು ಬೆಳೆಯುತ್ತದೆ. ಮೈನಸ್ 3ರಿಂದ ಮೈನಸ್ 8ರ ನಡುವೆ ಇನ್ನೂ ಒಂದು ಕ್ರಿಯೆ ಉಂಟು: ಬೀಳುವ ಹರಳಿಗೆ ನೀರಹನಿ ಬಡಿದು ಹೆಪ್ಪುಗಟ್ಟುವಾಗ ಸಣ್ಣ ಚೂರುಗಳು ಸಿಡಿಯುತ್ತವೆ. ಮೈನಸ್ 5ರಲ್ಲಿ ಹೀಗೆ ಅಂಟಿದ ಒಂದು ಮಿಲಿಗ್ರಾಂ ಮಂಜಿನಿಂದ ಸುಮಾರು 350 ಚೂರು ಹುಟ್ಟುತ್ತವೆ ಎಂದು ವಿಜ್ಞಾನಿಗಳಾದ ಹ್ಯಾಲೆಟ್ ಮತ್ತು ಮಾಸಪ್ 1974ರಲ್ಲಿ ತೋರಿಸಿದರು. ಪ್ರತಿ ಚೂರೂ ಹೊಸ ಹರಳು. ಬ್ಯಾಕ್ಟೀರಿಯಾದ ನಿಜವಾದ ಮಹತ್ವ ಇಲ್ಲಿದೆ. ಅವುಗಳ ಸಂಖ್ಯೆ ಕಡಿಮೆ, ಆದರೆ ಧೂಳು ಕೆಲಸ ಶುರುಮಾಡದ ಈ ಬೆಚ್ಚಗಿನ ವಲಯದಲ್ಲಿ ಮೊದಲ ಹರಳನ್ನು ಹುಟ್ಟಿಸಬಲ್ಲವು.

ಈಗ ಆಗುಂಬೆಗೆ ಬರೋಣ. ಮುಂಗಾರಿನಲ್ಲಿ ನಮ್ಮ ಮೇಲೆ ಸೊನ್ನೆ ಡಿಗ್ರಿಯ ಮಟ್ಟ ಇರುವುದು 5 ಕಿಲೋಮೀಟರಿಗೂ ಮೇಲೆ. ಅರಬ್ಬೀ ಸಮುದ್ರದಿಂದ ಬಂದು ಘಟ್ಟಕ್ಕೆ ತಾಗಿ ಸುರಿಯುವ ಮೋಡಗಳಲ್ಲಿ ಹೆಚ್ಚಿನವು ಅಷ್ಟು ಎತ್ತರಕ್ಕೆ ಬೆಳೆಯುವುದೇ ಇಲ್ಲ. ಅಲ್ಲಿ ನಡೆಯುವುದು ಎರಡನೇ ದಾರಿ: ದೊಡ್ಡ ಹನಿ ಕೆಳಗಿಳಿಯುತ್ತ ಸಣ್ಣ ಹನಿಗಳಿಗೆ ಬಡಿದು ಅವನ್ನು ನುಂಗುತ್ತ ಬೆಳೆಯುತ್ತದೆ. ಮಂಜು ಬೇಡವೇ ಬೇಡ. ಮೊದಲ ಹನಿ ಕೂರಲು ಉಪ್ಪಿನ ಕಣ, ಹೊಗೆಯ ಕಣ ಏನಾದರೂ ಸಾಕು. ಅಂಥ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ಹತ್ತು ಕೋಟಿಯಷ್ಟು ಇದ್ದರೆ, ನೆಲದ ಮೇಲಿನ ಗಾಳಿಯಲ್ಲಿ ಬ್ಯಾಕ್ಟೀರಿಯಾ ಹತ್ತು ಸಾವಿರದ ಆಸುಪಾಸು. ಹತ್ತು ಸಾವಿರಕ್ಕೆ ಒಂದು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಜಡಿಮಳೆಗೆ ಕಾರಣ ಸಮುದ್ರದ ತೇವ ಮತ್ತು ಘಟ್ಟದ ಏರು.

ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಮಾತು ಬೇರೆ. ಆ ಮೋಡಗಳು 12 ಕಿಲೋಮೀಟರಿಗೂ ಮೇಲೆ ಬೆಳೆಯುತ್ತವೆ, ಒಳಗೆ ಮಂಜು ತುಂಬಿರುತ್ತದೆ. ಮಲೆನಾಡಿನಲ್ಲಿ ಬ್ಯಾಕ್ಟೀರಿಯಾದ ಪಾತ್ರ ಹುಡುಕುವವರು ಭರಣಿ, ಕೃತ್ತಿಕೆ ಮಳೆಯಲ್ಲಿ ಹುಡುಕಬೇಕು, ಆರಿದ್ರೆಯಲ್ಲಿ ಅಲ್ಲ.

ಪ್ರಶ್ನೆ: ಆಲಿಕಲ್ಲಿನೊಳಗೂ ಬ್ಯಾಕ್ಟೀರಿಯಾ ಇರುತ್ತದೆಯೇ?
— ವಿದ್ಯಾರ್ಥಿನಿ, ಶಿಕಾರಿಪುರ

ಇರುತ್ತದೆ. ಅಮೆರಿಕದ ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಮಿಶೋ ದೊಡ್ಡ ಆಲಿಕಲ್ಲುಗಳನ್ನು ಪದರಪದರವಾಗಿ ಕರಗಿಸಿ ನೋಡಿ, ಹೊರಪದರಗಳಿಗಿಂತ ನಡುವಿನ ತಿರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರುವುದನ್ನು 2011ರಲ್ಲಿ ವರದಿ ಮಾಡಿದರು. ಆಲಿಕಲ್ಲು ಶುರುವಾಗುವುದು ತಿರುಳಿನಿಂದ. ಆದ್ದರಿಂದ ಅದು ಗಮನಿಸಬೇಕಾದ ಸುಳಿವು. ಆದರೆ ಅಲ್ಲಿ ಇದ್ದ ಮಾತ್ರಕ್ಕೆ ಅದೇ ಹೆಪ್ಪುಗಟ್ಟಿಸಿತು ಎಂದು ಹೇಳಲಾಗದು. ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಪರೀಕ್ಷೆಯ ವಿಧಾನ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ಮಕ್ಕಳಿಗೆ ತೋರಿಸಲು ಸಾಧ್ಯವೇ? ನಮ್ಮಲ್ಲಿ ದುಬಾರಿ ಉಪಕರಣಗಳಿಲ್ಲ.
— ವಿಜ್ಞಾನ ಶಿಕ್ಷಕರು, ಸಾಗರ

ಖಂಡಿತ ಸಾಧ್ಯ. ಸಂಶೋಧಕರೂ ಮಾಡುವುದು ಮೂಲತಃ ಇದನ್ನೇ: ಹನಿಗಳನ್ನು ಸಾಲಾಗಿ ಇಟ್ಟು, ನಿಧಾನವಾಗಿ ತಣಿಸಿ, ಯಾವ ಡಿಗ್ರಿಗೆ ಎಷ್ಟು ಹೆಪ್ಪುಗಟ್ಟಿದವು ಎಂದು ಎಣಿಸುವುದು.

ಮೂರು ಬಗೆಯ ನೀರು ಬೇಕು. ಮೊದಲನೆಯದು ಔಷಧಿ ಅಂಗಡಿಯಲ್ಲಿ ಸಿಗುವ ಇಂಜೆಕ್ಷನ್ ನೀರಿನ ಆಂಪೂಲ್. ಬ್ಯಾಟರಿ ನೀರಿಗಿಂತ ಇದರಲ್ಲಿ ಕಸರು ಕಡಿಮೆ. ಎರಡನೆಯದು ಎಲೆ ತೊಳೆದ ನೀರು. ಮರದಡಿಯ ಅರೆಕೊಳೆತ ದರಗು 5 ಗ್ರಾಂ ತೆಗೆದುಕೊಂಡು 50 ಮಿ.ಲೀ. ಅದೇ ಶುದ್ಧ ನೀರಿನಲ್ಲಿ ಹತ್ತು ನಿಮಿಷ ಕುಲುಕಿ ಫಿಲ್ಟರ್ ಕಾಗದದಲ್ಲಿ ಸೋಸಿ. ಮೂರನೆಯದು ಆ ಸೋಸಿದ ನೀರಿನಲ್ಲೇ ಅರ್ಧವನ್ನು ಮುಚ್ಚಿದ ಪ್ರನಾಳದಲ್ಲಿ ಹಾಕಿ, ಕುದಿಯುವ ನೀರಿನಲ್ಲಿ 20 ನಿಮಿಷ ಇಟ್ಟು ಆರಿಸಿದ್ದು. ಈ ಮೂರನೆಯದನ್ನು ಬಿಡಬೇಡಿ. ಬಿಸಿಗೆ ಪ್ರೋಟೀನ್ ಕೆಡುತ್ತದೆ, ಧೂಳು ಕೆಡುವುದಿಲ್ಲ. ಜೀವಾಣುವೋ ಮಣ್ಣೋ ಎಂದು ಬೇರೆ ಮಾಡುವುದು ಇದೊಂದೇ.

ಅಂಚು ಮಡಚಿದ ಅಲ್ಯುಮಿನಿಯಂ ಫಾಯಿಲ್ ತಟ್ಟೆಗೆ ತೆಳ್ಳಗೆ ವ್ಯಾಸಲೀನ್ ಸವರಿ. ಇನ್ಸುಲಿನ್ ಸಿರಿಂಜಿನಿಂದ ಪ್ರತಿ ಬಗೆಯ 20 ಹನಿ ಇಡಿ, ಒಂದು ಹನಿಗೆ 10 ಮೈಕ್ರೋಲೀಟರ್. ಯು-100 ಸಿರಿಂಜಿನಲ್ಲಿ ಅದು ಒಂದು ಯೂನಿಟ್. ಯು-40 ಸಿರಿಂಜಿನಲ್ಲಿ ಒಂದು ಯೂನಿಟ್ ಎಂದರೆ 25 ಮೈಕ್ರೋಲೀಟರ್; ಅದನ್ನು ಬಳಸಿದರೆ ಎಲ್ಲ ಹನಿಗೂ ಅದನ್ನೇ ಬಳಸಿ. ಹನಿ ದೊಡ್ಡದಾದಷ್ಟೂ ಅದರಲ್ಲಿ ಒಂದಾದರೂ ಕಣ ಇರುವ ಸಂಭವ ಹೆಚ್ಚು. ಗಾತ್ರ ಬೇರೆಯಾದರೆ ಹೋಲಿಕೆ ಕೆಟ್ಟಿತು.

ಅಗಲ ಪಾತ್ರೆಯಲ್ಲಿ ಪುಡಿಮಾಡಿದ ಐಸ್ 1 ಕೆ.ಜಿ., ತಣ್ಣೀರು ಅರ್ಧ ಲೀಟರ್ ಹಾಕಿ ಕಲಕಿ, ಥರ್ಮಾಮೀಟರ್ ಸೊನ್ನೆ ತೋರಿಸುತ್ತದೆಯೇ ನೋಡಿ. ತೋರಿಸದಿದ್ದರೆ ಎಷ್ಟು ವ್ಯತ್ಯಾಸ ಎಂದು ಬರೆದಿಟ್ಟು ಮುಂದಿನ ಓದುಗಳಲ್ಲಿ ಅಷ್ಟನ್ನು ಕಳೆಯಿರಿ ಅಥವಾ ಕೂಡಿಸಿ. ತಟ್ಟೆಯನ್ನು ತೇಲಿಬಿಟ್ಟು ಮೇಲೆ ಗಾಜು ಮುಚ್ಚಿ. ಉಪ್ಪನ್ನು ಒಮ್ಮೆಲೇ ಸುರಿಯಬೇಡಿ, 20 ಗ್ರಾಂನಂತೆ ಕಂತಿನಲ್ಲಿ ಹಾಕಿ. ಪ್ರತಿ ಕಂತಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಕಲಕಿ ನಾಲ್ಕು ನಿಮಿಷ ಕಾದು, ತಿಳಿಯಾಗಿದ್ದ ಎಷ್ಟು ಹನಿ ಬೆಳ್ಳಗಾದವು ಎಂದು ಬರೆಯಿರಿ. ಏಳು ಕಂತಿಗೆ ಮೈನಸ್ 12ರ ಹತ್ತಿರ ಮುಟ್ಟುತ್ತೀರಿ.

ಕೆಡುವುದು ಎಲ್ಲಿ? ಶುದ್ಧ ನೀರಿನ ಹನಿಗಳೇ ಮೈನಸ್ 8ಕ್ಕಿಂತ ಮುಂಚೆ ಹೆಪ್ಪುಗಟ್ಟಿದರೆ ತಟ್ಟೆಯಲ್ಲಿ ಕೊಳೆಯೋ ಗೀರೋ ಇದೆ. ಆ ಸರದಿಯನ್ನು ಪೂರ್ತಿ ಬಿಟ್ಟು ಹೊಸ ಫಾಯಿಲ್ ಹಾಕಿ. ಪಕ್ಕಪಕ್ಕದ ಹನಿಗಳು ಸಾಲಾಗಿ ಒಂದರ ಹಿಂದೊಂದು ಬೆಳ್ಳಗಾದರೆ, ಗಾಳಿಯ ತೇವ ತಟ್ಟೆಯ ಮೇಲೆ ಮಂಜಾಗಿ ಕಟ್ಟಿ ಹನಿಯಿಂದ ಹನಿಗೆ ದಾಟಿದೆ ಎಂದರ್ಥ. ಮಳೆಗಾಲದಲ್ಲಿ ಈ ತೊಂದರೆ ತಪ್ಪದು, ಹಾಗಾಗಿ ಜನವರಿ–ಫೆಬ್ರವರಿಯ ಒಣ ದಿನ ಆರಿಸಿ. ಉಪ್ಪುನೀರು ತಟ್ಟೆಯೊಳಕ್ಕೆ ಚಿಮ್ಮಿದರೆ ಆ ಹನಿ ತಡವಾಗಿ ಹೆಪ್ಪುಗಟ್ಟುತ್ತದೆ.

ಎಲೆ ತೊಳೆದ ನೀರು ಮೈನಸ್ 5ರ ಒಳಗೆ ಹೆಪ್ಪುಗಟ್ಟಿ, ಬಿಸಿ ಮಾಡಿದ್ದು ಹೆಪ್ಪುಗಟ್ಟದಿದ್ದರೆ ಜೀವಮೂಲದ ಕಣ ಇದೆ ಎನ್ನಬಹುದು. ಬ್ಯಾಕ್ಟೀರಿಯಾವೇ ಎಂದು ಬರೆಯಬೇಡಿ, ಕೆಲವು ಶಿಲೀಂಧ್ರಗಳಿಗೂ ಮರದ ಮೇಲಿನ ಕಲ್ಲುಹೂವುಗಳಿಗೂ ಈ ಗುಣವುಂಟು. ಯಾವುದೂ ಹೆಪ್ಪುಗಟ್ಟದಿದ್ದರೂ ಅದನ್ನು ಹಾಗೆಯೇ ದಾಖಲಿಸಲು ಮಕ್ಕಳಿಗೆ ಹೇಳಿ. ಕೊಳೆತ ಎಲೆಗಳಲ್ಲಿ ಇಂಥ ಕಣ ಇದೆಯೆಂದು ಶ್ನೆಲ್ ಮತ್ತು ವಾಲಿ 1972ರಲ್ಲಿ, ಅದು ಬ್ಯಾಕ್ಟೀರಿಯಾ ಎಂದು ಮಾಕಿ ಮತ್ತು ಜೊತೆಗಾರರು 1974ರಲ್ಲಿ ಪ್ರಕಟಿಸಿದ್ದೂ ಹೀಗೆ ಹನಿ ಎಣಿಸಿಯೇ.

ಪ್ರಶ್ನೆ: ಕಾಳುಮೆಣಸು, ಶುಂಠಿಗೆ ನಾವು ಹಾಕುವ ಸ್ಯೂಡೋಮೊನಾಸ್ ಪುಡಿಯೂ ಇದೇನಾ? ಊರೆಲ್ಲ ಅಡಿಕೆಗೆ ಬೋರ್ಡೋ ಹೊಡೆದರೆ ಈ ಬ್ಯಾಕ್ಟೀರಿಯಾ ಸತ್ತು ಮಳೆ ಕಡಿಮೆಯಾಗುತ್ತದೆಯೇ?
— ಕೃಷಿಕರು, ಕೊಪ್ಪ

ಕುಲ ಒಂದೇ, ಜಾತಿ ಬೇರೆ. ನೀವು ಹಾಕುವುದು ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಬೇರಿನ ಸುತ್ತ ನೆಲೆಸಿ ರೋಗದ ಶಿಲೀಂಧ್ರಗಳನ್ನು ತಡೆಯುವಂಥದ್ದು. ಸಿರಿಂಗೆ ಹಲವು ಬೆಳೆಗಳಿಗೆ ರೋಗ ತರುವಂಥದ್ದು.

ಬೋರ್ಡೋ ವಿಚಾರದಲ್ಲಿ ಮಳೆಯ ಚಿಂತೆ ಬೇಡ. 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿದ ಶೇ 1ರ ದ್ರಾವಣದಲ್ಲಿರುವ ತಾಮ್ರ, ಎಲೆಗೊನೆಯ ಮೇಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಹೌದು. ಆದರೆ ಮುಂಗಾರಿನ ಮಳೆ ಆ ಬ್ಯಾಕ್ಟೀರಿಯಾವನ್ನು ನೆಚ್ಚಿಕೊಂಡಿಲ್ಲ ಎಂಬುದನ್ನು ಮೇಲೆ ನೋಡಿದಿರಿ. ಕೊಳೆರೋಗಕ್ಕೆ ಹೆದರಿ ಹೊಡೆಯಬೇಕಾದ್ದನ್ನು ಈ ಮಾತಿಗಾಗಿ ನಿಲ್ಲಿಸಬೇಡಿ. ಚಿಂತೆ ಮಾಡಬೇಕಾದ್ದು ಬೇರೆ: ಅಡಿಕೆಗೆ ಹೊಡೆದ ಬೋರ್ಡೋ ತೊಟ್ಟಿಕ್ಕುವ ಮೆಣಸಿನ ಬುಡಕ್ಕೆ ಅದೇ ವಾರ ಸ್ಯೂಡೋಮೊನಾಸ್ ಹಾಕಿದರೆ ಹಣ ನೀರಿಗೆ ಹಾಕಿದಂತೆ. ನಡುವೆ ಎರಡು ವಾರದ ಅಂತರ ಇರಲಿ.

ಪ್ರಶ್ನೆ: ಹಾಗಿದ್ದರೆ ಮೋಡಬಿತ್ತನೆಗೆ ಬೆಳ್ಳಿಯ ರಾಸಾಯನಿಕದ ಬದಲು ಈ ಬ್ಯಾಕ್ಟೀರಿಯಾವನ್ನೇ ಯಾಕೆ ಬಳಸಬಾರದು?
— ಓದುಗರು, ಭದ್ರಾವತಿ

ಹೆಪ್ಪುಗಟ್ಟಿಸುವ ಶಕ್ತಿಯಲ್ಲಿ ಬ್ಯಾಕ್ಟೀರಿಯಾವೇ ಮೇಲು. ಬೆಳ್ಳಿಯ ಅಯೋಡೈಡ್‌ಗೆ ಮೈನಸ್ 5ಕ್ಕಿಂತ ಹೆಚ್ಚು ಚಳಿ ಬೇಕು. ಸ್ಕೀ ಮೈದಾನಗಳಲ್ಲಿ ಕೃತಕ ಹಿಮ ಮಾಡುವ ಯಂತ್ರಗಳಿಗೆ ಕೊಂದು ಒಣಗಿಸಿದ ಸಿರಿಂಗೆಯನ್ನು ಸ್ನೋಮ್ಯಾಕ್ಸ್ ಹೆಸರಿನಲ್ಲಿ ಮಾರುತ್ತಾರೆ. ಸತ್ತರೂ ಪ್ರೋಟೀನ್ ಹಾಗೇ ಇರುವುದರಿಂದ ಕೆಲಸ ನಡೆಯುತ್ತದೆ. ಜೀವಂತವಾಗಿ ಆಕಾಶದಿಂದ ಎರಚುವುದು ಮಾತ್ರ ಬೆಳೆರೋಗವನ್ನೇ ಎರಚಿದಂತಾದೀತು, ಮತ್ತು ಚಳಿನಾಡಿನಲ್ಲಿ ಇದೇ ಜೀವಿ ಎಲೆಯ ಮೇಲೆ ಮಂಜು ಕಟ್ಟಿಸಿ ಬೆಳೆ ಸುಡುತ್ತದೆ. ಆ ಹಾನಿ ತಪ್ಪಿಸಲೆಂದೇ ಆ ಪ್ರೋಟೀನಿನ ಜೀನ್ ತೆಗೆದ ತಳಿಯನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲದಲ್ಲಿ ಸಿಂಪಡಿಸಿ ನೋಡಿದರು.

ನಮ್ಮ ಮಟ್ಟಿಗೆ ಇನ್ನೂ ಮೂಲದ ಕಾರಣ ಇದೆ. ಸೊನ್ನೆ ಡಿಗ್ರಿ ಮುಟ್ಟದ ಮೋಡಕ್ಕೆ ಮಂಜಿನ ಬೀಜ ಹಾಕಿ ಏನೂ ಆಗದು. ಅಂಥ ಬೆಚ್ಚನೆಯ ಮೋಡಕ್ಕೆ ತೇವ ಹೀರುವ ಉಪ್ಪಿನ, ಮುಖ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡಿನ, ಕಣಗಳನ್ನು ಬುಡದಲ್ಲಿ ಸುಟ್ಟು ಬಿಡುತ್ತಾರೆ. ರಾಜ್ಯದಲ್ಲಿ 2017ರಲ್ಲಿ ವರ್ಷಧಾರಿ ಎಂಬ ಮೋಡಬಿತ್ತನೆ ಯೋಜನೆ ನಡೆದಾಗ, ಬಿತ್ತನೆಯಿಂದ ಮಳೆ ತರಿಸಬಹುದೇ ಎಂದು ಹಲವರು ಕೇಳಿದ ಪ್ರಶ್ನೆಗೂ ಇದೇ ಉತ್ತರ: ಬಿತ್ತನೆ ಇರುವ ಮೋಡದಿಂದ ಸ್ವಲ್ಪ ಹೆಚ್ಚು ಇಳಿಸಬಹುದು, ಇಲ್ಲದ ಮೋಡವನ್ನು ತರಲಾರದು.

ಪ್ರಶ್ನೆ: ಕಾಡು ಕಡಿದರೆ ಈ ಬ್ಯಾಕ್ಟೀರಿಯಾ ಇಲ್ಲವಾಗಿ ಮಳೆ ನಿಲ್ಲುತ್ತದೆ ಎಂದು ಪರಿಸರ ಸಭೆಯಲ್ಲಿ ಹೇಳಬಹುದೇ?
— ಹೊಸನಗರ

ಹೇಳಬೇಡಿ. ಎಲೆಯಿಂದ ಗಾಳಿಗೆ, ಮೋಡದಿಂದ ಮಳೆಯಾಗಿ ಮತ್ತೆ ಎಲೆಗೆ ಎಂಬ ಸುತ್ತನ್ನು ಮೊಂಟಾನಾದ ಡೇವಿಡ್ ಸ್ಯಾಂಡ್ಸ್ 1980ರ ದಶಕದ ಆರಂಭದಲ್ಲಿ ಮುಂದಿಟ್ಟರು. ಬ್ರೆಂಟ್ ಕ್ರಿಸ್ನರ್ ಮತ್ತು ಜೊತೆಗಾರರು 2008ರಲ್ಲಿ ಅಂಟಾರ್ಕ್ಟಿಕಾ ಸೇರಿ ಹಲವು ಕಡೆಯ ಹೊಸ ಹಿಮದಲ್ಲಿ ಜೀವಮೂಲದ ಕಣಗಳನ್ನು ಕಂಡರು. ಅವು ಮೋಡ ಸೇರುವುದು ಖಚಿತ; ಒಂದು ಊರಿನ ಮಳೆಯ ಪ್ರಮಾಣವನ್ನೇ ಅವು ನಿರ್ಧರಿಸುತ್ತವೆ ಎಂಬುದು ಸಾಬೀತಾದ ಮಾತಲ್ಲ. ಕಾಡು ಉಳಿಸಲು ಗಟ್ಟಿ ಕಾರಣಗಳಿವೆ: ಬಿದ್ದ ಮಳೆ ಇಂಗುವುದು, ಬೇಸಿಗೆಯಲ್ಲೂ ಹಳ್ಳ ಹರಿಯುವುದು, ಮಣ್ಣು ನಿಲ್ಲುವುದು. ಸಭೆಯಲ್ಲಿ ಅವನ್ನು ಹೇಳಿ. ದುರ್ಬಲ ವಾದ ಒಂದು ಮುರಿದರೆ ಗಟ್ಟಿ ವಾದಗಳನ್ನೂ ಜನ ನಂಬುವುದಿಲ್ಲ.

ಪ್ರಶ್ನೆ: ಮಾಡಿನ ನೀರು ಹಿಡಿದು ಕುಡಿಯುತ್ತೇವೆ. ಮೋಡದ ಬ್ಯಾಕ್ಟೀರಿಯಾದಿಂದ ಅಪಾಯವಿದೆಯೇ?
— ಗೃಹಿಣಿ, ಶೃಂಗೇರಿ

ಸಿರಿಂಗೆ ಗಿಡದ ರೋಗಾಣು, ಮನುಷ್ಯರಿಗೆ ರೋಗ ತರುವಂಥದ್ದಲ್ಲ. ಅಪಾಯ ಇರುವುದು ಮೋಡದಲ್ಲಲ್ಲ, ಹೆಂಚಿನ ಮೇಲೆ: ಹಕ್ಕಿ, ಇಲಿ, ಮಂಗಗಳ ಹಿಕ್ಕೆ, ಕೊಳೆತ ಎಲೆ. ಪ್ರತಿ ಒಣ ಅವಧಿಯ ನಂತರ ಮೊದಲ 2 ಮಿ.ಮೀ. ಮಳೆಯನ್ನು ಹೊರಗೆ ಬಿಡಿ. 100 ಚದರ ಮೀಟರ್ ಮಾಡಿಗೆ ಅದು 200 ಲೀಟರ್ ಆಗುತ್ತದೆ, ಅಂದರೆ ಒಂದು ಡ್ರಮ್. ಡ್ರಮ್ ತುಂಬಿದ ಮೇಲಷ್ಟೇ ನೀರು ತೊಟ್ಟಿಗೆ ತಿರುಗುವಂತೆ ಪೈಪ್ ಜೋಡಿಸಿ, ಡ್ರಮ್ಮಿನ ಬುಡದ ನಲ್ಲಿಯನ್ನು ಮಳೆ ನಿಂತ ಮೇಲೆ ತೆರೆದು ಖಾಲಿ ಮಾಡಿ. ಕುಡಿಯುವುದನ್ನು ಮಾತ್ರ ಕೊತಕೊತ ಒಂದು ನಿಮಿಷ ಕುದಿಸಿ.